ಪುಷ್ಪರಚನೆಯೂ ಪರಾಪೇಕ್ಷೆಯೂ

ತನ್ನ ಕಾಲಮೇಲೆ ತಾನು ನಿಂತವನನ್ನು ಲೋಕವು ಕೊಂಡಾಡುವುದು. ಪರರ ಬಾಗಿಲಲ್ಲಿ ಕಾದು ನಿಂತವನನ್ನು ಕಂಡು ಮರುಗುವುದು, ಇಲ್ಲವೆ ಹಳಿಯುವುದು. ಸ್ವಾವಲಂಬನವೇ ಗುಣ, ಪರಾಪೇಕ್ಷೆಯೇ ದೋಷ ಎಂಬ ಮಾತು ಮಕ್ಕಳ ಪಾಠದಿಂದ ಮೊದಲುಗೊಂಡು ಹಿರಿಯರ ಉಪದೇಶದವರೆಗೆ ಎಲ್ಲೆಡೆಯೂ ಕೇಳಿಬರುತ್ತಿದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ದುಡಿಯಬಲ್ಲವನು ದುಡಿಯದೆ ಕೈಯೊಡ್ಡುವುದನ್ನು ಯಾರೂ ಮೆಚ್ಚರು. ಆದರೆ ಇದೇ ಮಾತನ್ನು ಇನ್ನೂ ಮುಂದಕ್ಕೆ ಎಳೆದು, ಯಾರ ಹಂಗೂ ಇಲ್ಲದ ಬಾಳೇ ಪೂರ್ಣವಾದ ಬಾಳು, ಅದೇ ಸೃಷ್ಟಿಯ ನಿಯಮ ಎಂದು ವಾದಿಸುವವರೂ ಉಂಟು. ಅವರು ಸೃಷ್ಟಿಯನ್ನೇ ಸಾಕ್ಷಿಗೆ ಕರೆದಿರುವುದರಿಂದ ಆ ಸಾಕ್ಷಿಯು ಏನು ನುಡಿಯುವುದೆಂದು ಕೇಳುವುದು ನ್ಯಾಯವಾಗಿದೆ. ಈ ವಿಷಯದಲ್ಲಿ ಹೂವಿಗಿಂತ ಸ್ಪಷ್ಟವಾಗಿ ನುಡಿಯಬಲ್ಲ ಸಾಕ್ಷಿಯು ಬೇರೊಂದು ದೊರೆಯುವುದು ಕಷ್ಟ.

ಮನೆಯಂಗಳದ ದಾಸವಾಳವನ್ನು ತೆಗೆದುಕೊಳ್ಳಬಹುದು. ಐದು ಕೆಂಪು ದಳಗಳ ನಡುವಿನಿಂದ ನೀಳವಾದ ಒಂದು ಕಂಬವು ಹೊರಚಾಚಿರುವುದು. ಕಂಬದ ಮೈಮೇಲೆ ಹಳದಿಯ ಪರಾಗವನ್ನು ಹೊತ್ತ ಕೇಸರಗಳು. ಅದರ ತುದಿಯಲ್ಲಿ ಐದು ಕವಲಾಗಿ ಒಡೆದ ಶಲಾಕಾಗ್ರ. ಪರಾಗದ ಕಣವು ಶಲಾಕಾಗ್ರವನ್ನು ಮುಟ್ಟಿ, ಅಲ್ಲಿಂದ ಸೂಕ್ಷ್ಮವಾದ ನಾಳವಾಗಿ ಇಳಿದು ಅಂಡಾಶಯವನ್ನು ಸೇರಿದರೆ ಮಾತ್ರ ಬೀಜವು ಹುಟ್ಟುವುದು. ತಂದೆಯ ಅಂಶವೂ ತಾಯಿಯ ಅಂಶವೂ ಒಂದೇ ಕಂಬದ ಮೇಲೆ, ಒಂದೇ ಮನೆಯಲ್ಲಿ, ಒಂದು ಬೆರಳಿನ ಅಗಲದಷ್ಟು ದೂರದಲ್ಲಿ ಇರುವುವು. ದಾಸವಾಳವೊಂದೇ ಅಲ್ಲ, ಹೂಬಿಡುವ ಸಸ್ಯಜಾತಿಗಳಲ್ಲಿ ಬಹುಪಾಲು ಈ ಬಗೆಯ ದ್ವಿಲಿಂಗಿಗಳೇ ಆಗಿವೆ. ಗಂಡುಗಿಡವೇ ಬೇರೆ, ಹೆಣ್ಣುಗಿಡವೇ ಬೇರೆ ಆಗಿರುವ ಜಾತಿಗಳು ನೂರಕ್ಕೆ ಸುಮಾರು ಆರು ಮಾತ್ರ. ಹೀಗಿರಲು, ಮನೆಯಲ್ಲಿಯೇ ಎಲ್ಲವೂ ಉಂಟಾಗಿರುವ ಹೂವು ಬಣ್ಣ, ಪರಿಮಳ, ಮಕರಂದಗಳನ್ನು ವೆಚ್ಚಮಾಡಿ ಹೊರಗಿನ ದುಂಬಿಯನ್ನು ಕರೆಯುವುದೇಕೆ? ಸ್ವಾವಲಂಬನವೇ ಸೃಷ್ಟಿಯ ನಿಯಮವಾಗಿದ್ದ ಪಕ್ಷದಲ್ಲಿ ಇದಕ್ಕಿಂತ ದೊಡ್ಡ ದುಂದುಗಾರಿಕೆಯು ಮತ್ತೊಂದಿರಲಾರದು.

ಈ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಕೈಗೆತ್ತಿಕೊಂಡವನು ಜರ್ಮನಿಯ ಸ್ಪಾಂಡೌ ಎಂಬ ಊರಿನಲ್ಲಿ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ಕ್ರಿಶ್ಚಿಯನ್ ಕೋನ್ರಾಡ್ ಸ್ಪ್ರೆಂಗೆಲ್. ೧೭೮೭ರಲ್ಲಿ ಅವನು ಕಾಡಿನ ಜೆರೇನಿಯಂ ಹೂವಿನ ದಳಗಳ ಬುಡದಲ್ಲಿ ನವಿರಾದ ಕೂದಲುಗಳನ್ನು ಕಂಡನು. ನಿಷ್ಪ್ರಯೋಜಕವಾದುದು ಒಂದು ಕೂದಲೂ ಇರಲಾರದೆಂಬ ನಂಬಿಕೆಯಿಂದ ಅವನು ನೋಡತೊಡಗಿ, ಒಳಗಿನ ಮಕರಂದವನ್ನು ಮಳೆಯ ಹನಿಯಿಂದ ಕಾಯುವುದಕ್ಕೆ ಅವು ಇವೆಯೆಂದು ಊಹಿಸಿದನು. ಮಕರಂದವು ಯಾರಿಗಾಗಿ ಎಂಬ ಪ್ರಶ್ನೆಯು ಅದರ ಹಿಂದೆಯೇ ಬಂದಿತು. ಆರು ವರ್ಷ ನೂರಾರು ಹೂಗಳ ಮುಂದೆ ಕುಳಿತು ನೋಡಿ ಅವನು ೧೭೯೩ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಯಾವ ಹೂವೂ ತನ್ನ ಪರಾಗದಿಂದಲೇ ಫಲಿಸುವುದನ್ನು ಪ್ರಕೃತಿಯು ಇಚ್ಛಿಸದಂತೆ ತೋರುವುದೆಂಬುದು ಅದರ ತಾತ್ಪರ್ಯಗಳಲ್ಲೊಂದು. ಪಂಡಿತರು ಗ್ರಂಥವನ್ನು ಬಹುಮಟ್ಟಿಗೆ ಗಣನೆಗೆ ತರಲಿಲ್ಲ. ಮರುವರ್ಷವೇ ಅವನು ಹುದ್ದೆಯನ್ನು ಬಿಡಬೇಕಾಯಿತು. ೧೮೧೬ರಲ್ಲಿ ಅವನು ತೀರಿಕೊಂಡಾಗ ಅವನ ಗ್ರಂಥಕ್ಕೆ ಇನ್ನೂ ತಕ್ಕ ಓದುಗರು ದೊರೆತಿರಲಿಲ್ಲ.

ಸ್ಪ್ರೆಂಗೆಲನು ಕಂಡುದು ಸುಳ್ಳಲ್ಲ. ತನ್ನ ಪರಾಗವು ತನಗೇ ತಾಗದಂತೆ ಹೂವು ಕಟ್ಟಿಕೊಂಡಿರುವ ಗೋಡೆಗಳು ಹಲವು ಬಗೆಯವು. ಕೆಲವು ಹೂಗಳಲ್ಲಿ ಗೋಡೆಯು ಕಾಲದಿಂದಾದುದು. ಸೂರ್ಯಕಾಂತಿಯ ತಟ್ಟೆಯಲ್ಲಿರುವ ಒಂದೊಂದು ಕಿರುಹೂವೂ ಮೊದಲು ಪರಾಗವನ್ನು ಹೊರಕ್ಕೆ ನೂಕುವುದು; ಆಮೇಲೆಯೇ ಅದರ ಶಲಾಕಾಗ್ರವು ಎರಡಾಗಿ ಬಿಚ್ಚಿ ಪರಾಗವನ್ನು ಸ್ವೀಕರಿಸಲು ಸಿದ್ಧವಾಗುವುದು. ಪರಂಗಿಯಲ್ಲಿ ಗೋಡೆಯು ದೇಶದಿಂದಾದುದು. ಅದರಲ್ಲಿ ಸಾಮಾನ್ಯವಾಗಿ ಗಂಡುಮರವೇ ಬೇರೆ, ಹೆಣ್ಣುಮರವೇ ಬೇರೆ. ಇಂಗ್ಲೆಂಡಿನ ಪ್ರಿಮ್ರೋಸ್ ಗಿಡಗಳಲ್ಲಿ ಎರಡು ಪಂಗಡಗಳುಂಟು. ಒಂದರ ಹೂವಿನಲ್ಲಿ ಶಲಾಕೆಯು ಉದ್ದವಾಗಿ ಬಾಯಿಯವರೆಗೆ ಬಂದಿರುವುದು, ಕೇಸರಗಳು ಕೊಳವೆಯ ನಡುವೆ ಅಡಗಿರುವುವು. ಮತ್ತೊಂದರಲ್ಲಿ ಕೇಸರಗಳು ಬಾಯಿಯಲ್ಲಿ, ಶಲಾಕೆಯು ಕೆಳಗೆ. ಒಂದು ಪಂಗಡದ ಹೂವಿನಲ್ಲಿ ಕೀಟದ ಮೈಗೆ ಯಾವ ಎಡೆಯಲ್ಲಿ ಪರಾಗವು ಹತ್ತುವುದೋ ಅದೇ ಎಡೆಯು ಇನ್ನೊಂದು ಪಂಗಡದ ಶಲಾಕಾಗ್ರಕ್ಕೆ ತಾಗುವುದು. ಇಷ್ಟೆಲ್ಲಾ ಕಟ್ಟಡವಿಲ್ಲದ ಹೂಗಳಲ್ಲಿಯೂ ಎಷ್ಟೋ ವೇಳೆ ಕಣ್ಣಿಗೆ ಕಾಣದ ಕಾವಲೊಂದಿರುವುದು: ಸ್ವಕೀಯವಾದ ಪರಾಗವು ಬಂದು ಬಿದ್ದರೂ ಶಲಾಕೆಯು ಅದನ್ನು ಗುರುತಿಸಿ ಅದರ ನಾಳವನ್ನು ಬೆಳೆಯಗೊಡದು. ಹೂಬಿಡುವ ಜಾತಿಗಳಲ್ಲಿ ಅರ್ಧದ ಹತ್ತಿರ ಇಂತಹ ನಿರಾಕರಣವನ್ನುಳ್ಳವು.

ಬಾಗಿಲು ಮುಚ್ಚಿದಷ್ಟೇ ಎಚ್ಚರಿಕೆಯಿಂದ ಬಾಗಿಲು ತೆರೆದಿರುವುದನ್ನೂ ಕಾಣಬಹುದು. ಬೇಲಿಯ ಬದಿಯ ಎಕ್ಕದ ಹೂವಿನಲ್ಲಿ ಪರಾಗವು ಪುಡಿಯಾಗಿ ಉದುರದು. ಎರಡೆರಡು ಪುಟ್ಟ ಗಂಟುಗಳಾಗಿ, ನಡುವೆ ಒಂದು ಕೊಂಡಿಯಿಂದ ಕೂಡಿಕೊಂಡು, ಸಂದಿಯೊಳಗೆ ಅಡಗಿರುವುದು. ಮರವನ್ನು ಕೊರೆದು ಗೂಡುಮಾಡುವ ದೊಡ್ಡ ಕರಿಯ ದುಂಬಿಯು ಮಕರಂದಕ್ಕಾಗಿ ಬಂದು ಕುಳಿತಾಗ ಅದರ ಅಂಗವು ಆ ಸಂದಿಯಲ್ಲಿ ಜಾರಿ, ಕೊಂಡಿಗೆ ಸಿಕ್ಕಿ, ಗಂಟುಗಳನ್ನು ಎಳೆದುಕೊಂಡು ಹೋಗುವುದು. ಮತ್ತೊಂದು ಹೂವಿನ ಸಂದಿಯಲ್ಲಿ ಬಿಟ್ಟುಬರುವುದು. ದುಂಬಿಗೆ ಎಕ್ಕದ ಮೇಲೆ ಕರುಣೆಯಿಲ್ಲ. ಎಕ್ಕಕ್ಕೆ ದುಂಬಿಯ ಮೇಲೆ ಸ್ನೇಹವಿಲ್ಲ. ದುಂಬಿಯು ತನ್ನ ಹೊಟ್ಟೆಗಾಗಿ ಬಂದುದು. ಆದರೂ ಹೂವಿನ ಕಟ್ಟಡವು ಎಷ್ಟು ಜಾಣ್ಮೆಯದೆಂದರೆ, ತನ್ನ ಸ್ವಾರ್ಥವನ್ನು ಸಾಧಿಸಿಕೊಂಡವನು ಪರಾರ್ಥವನ್ನು ಸಾಧಿಸದೆ ಹೊರಕ್ಕೆ ಹೋಗುವುದು ಸುಲಭವಲ್ಲ. ಹೂವಿನ ಅಪೇಕ್ಷೆಯು ಬೇಡುವವನ ದೈನ್ಯವಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಅದು ಕೊಡತಕ್ಕದ್ದನ್ನು ಸಿದ್ಧಪಡಿಸಿಟ್ಟು, ಬರತಕ್ಕವನಿಗೆ ದಾರಿಯನ್ನು ಮಾಡಿ, ಆಮೇಲೆ ಕಾಯುವುದು.

ಇಷ್ಟು ವೆಚ್ಚದಿಂದ ಆಗುವ ಲಾಭವೇನು? ೧೮೪೧ರಲ್ಲಿ ಸ್ಪ್ರೆಂಗೆಲನ ಮರೆತುಹೋದ ಗ್ರಂಥವನ್ನು ರಾಬರ್ಟ್ ಬ್ರೌನನ ಸಲಹೆಯಂತೆ ಚಾರ್ಲ್ಸ್ ಡಾರ್ವಿನನು ತರಿಸಿ ಓದಿದನು. ಆ ಓದಿನ ಫಲವು ಬಹುಕಾಲದ ಮೇಲೆ, ೧೮೭೬ರಲ್ಲಿ, ಪ್ರಯೋಗಗಳಿಂದ ತುಂಬಿದ ಒಂದು ದೊಡ್ಡ ಪುಸ್ತಕವಾಗಿ ಹೊರಬಂದಿತು. ಅವನು ಗಿಡಗಳಿಗೆ ಬಲೆಯನ್ನು ಹೊದಿಸಿ ಕೀಟಗಳನ್ನು ತಡೆದು, ಕೆಲವು ಹೂಗಳಿಗೆ ಅವುಗಳದೇ ಪರಾಗವನ್ನೂ ಕೆಲವಕ್ಕೆ ಬೇರೆ ಗಿಡದ ಪರಾಗವನ್ನೂ ಮುಟ್ಟಿಸಿ, ಎರಡು ಬಗೆಯ ಬೀಜಗಳ ಮೊಳಕೆಗಳನ್ನು ಒಂದೇ ಕುಂಡದ ಎರಡು ಪಕ್ಕಗಳಲ್ಲಿ ನೆಟ್ಟು ಅಳೆದನು. ಬೆಳಿಗ್ಗೆ ಅರಳಿ ಬಿಸಿಲೇರಿದಂತೆ ಬಾಡುವ ಐಪೋಮಿಯಾ ಎಂಬ ಬಳ್ಳಿಯನ್ನು ಹೀಗೆ ಹತ್ತು ತಲೆಮಾರು ಬೆಳೆಸಿ ನೋಡಲು, ಪರಕೀಯ ಪರಾಗದಿಂದ ಹುಟ್ಟಿದವುಗಳ ಎತ್ತರವು ೧೦೦ ಎಂದು ಎಣಿಸಿದರೆ ಸ್ವಕೀಯದಿಂದ ಹುಟ್ಟಿದವುಗಳದು ಸರಾಸರಿ ೭೭ ಮಾತ್ರವಾಗಿತ್ತು. ಇದಕ್ಕಿಂತಲೂ ವಿಚಾರಾರ್ಹವಾದ ಇನ್ನೊಂದು ಸಂಗತಿಯಿದೆ. ಬಹುಕಾಲ ಒಂದೇ ಮಣ್ಣು ಒಂದೇ ನೆರಳಿನಲ್ಲಿ ಬೆಳೆದ ಎರಡು ಗಿಡಗಳ ಕೂಟದಿಂದ ಆದ ಲಾಭವು ಅಲ್ಪ. ಬೇರೊಂದು ಎಡೆಯಿಂದ ಬಂದ ಗಿಡದ ಪರಾಗದಿಂದ ಆದ ಲಾಭವು ಅಧಿಕ. ಎಂದರೆ ಮತ್ತೊಬ್ಬರು ಇದ್ದರೆ ಸಾಲದು. ಆ ಮತ್ತೊಬ್ಬರು ನಿಜವಾಗಿಯೂ ಬೇರೆಯವರಾಗಿರಬೇಕು. ಇದರ ಕಾರಣವು ಈಗ ತಿಳಿದಿದೆ. ಪ್ರತಿಯೊಂದು ಜೀವವೂ ತನ್ನ ವಂಶದ್ರವ್ಯದಲ್ಲಿ ಕೆಲವು ಕುಂದುಗಳನ್ನು ಗುಪ್ತವಾಗಿ ಹೊತ್ತಿರುವುದು. ತನ್ನೊಡನೆ ತಾನೇ ಕೂಡಿದಾಗ ಕುಂದಿಗೆ ಕುಂದೇ ಜೊತೆಯಾಗಿ ಹೊರಬೀಳುವುದು. ಬೇರೆಯದರೊಡನೆ ಕೂಡಿದಾಗ ಒಂದರ ಕುಂದನ್ನು ಮತ್ತೊಂದರ ಗುಣವು ಮುಚ್ಚುವುದು.

ಈ ಪ್ರಯೋಗಗಳು ಡಾರ್ವಿನನಿಗೆ ಕೇವಲ ತೋಟದ ವಿನೋದವಾಗಿರಲಿಲ್ಲ. ಅವನು ೧೮೩೯ರಲ್ಲಿ ಮದುವೆಯಾದುದು ತನ್ನ ಸೋದರಮಾವನ ಮಗಳನ್ನು. ಹತ್ತು ಮಕ್ಕಳಲ್ಲಿ ಮೂವರು ಎಳೆಯ ವಯಸ್ಸಿನಲ್ಲಿಯೇ ತೀರಿಹೋದರು. ಕುಂಡದ ಬಳ್ಳಿಗಳನ್ನು ಅಳೆಯುವ ತಂದೆಯ ಮನಸ್ಸಿನಲ್ಲಿ ಯಾವ ಕಳವಳವಿದ್ದಿರಬಹುದೆಂಬುದನ್ನು ಸೋದರಿಕೆಯ ಸಂಬಂಧಗಳು ವಾಡಿಕೆಯಾಗಿರುವ ಕನ್ನಡನಾಡಿನವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಇಂಗ್ಲೆಂಡಿನ ೧೮೭೧ರ ಜನಗಣತಿಯಲ್ಲಿ ಇಂತಹ ಮದುವೆಗಳ ವಿಷಯವಾಗಿ ಒಂದು ಪ್ರಶ್ನೆಯನ್ನು ಸೇರಿಸಬೇಕೆಂದು ಅವನು ಯತ್ನಿಸಿದನು; ಪಾರ್ಲಿಮೆಂಟು ಒಪ್ಪಲಿಲ್ಲ. ಬಳಿಕ ಅವನ ಮಗನಾದ ಜಾರ್ಜನೇ ಲೆಕ್ಕಗಳನ್ನು ಕೂಡಿಸಿ, ಕೇಡು ಜನರು ಅಂಜುವಷ್ಟು ದೊಡ್ಡದಲ್ಲವೆಂದು ೧೮೭೫ರಲ್ಲಿ ಬರೆದನು. ಕೆಲವು ಆನುವಂಶಿಕ ರೋಗಗಳ ಅಪಾಯವು ಹೆಚ್ಚುವುದು ನಿಜ, ಆದರೆ ಪ್ರತಿಯೊಂದು ಸಂಸಾರಕ್ಕೂ ಅದು ಕಟ್ಟಿಟ್ಟದ್ದಲ್ಲ ಎಂಬುದು ಇಂದಿನ ವೈದ್ಯಶಾಸ್ತ್ರದ ಮಾತು. ಹೂವಿನಿಂದ ಮನುಷ್ಯನಿಗೆ ಒಮ್ಮೆಲೇ ಹಾರುವವರು ಎಷ್ಟು ಎಚ್ಚರಿಕೆಯಿಂದಿರಬೇಕೆಂಬುದಕ್ಕೆ ಇದು ದೃಷ್ಟಾಂತವಾಗಿದೆ.

ಎಚ್ಚರಿಕೆಗೆ ಇನ್ನೊಂದು ಕಾರಣವೂ ಉಂಟು. ಸಾಕ್ಷಿಯ ಅರ್ಧ ಮಾತನ್ನು ಮಾತ್ರ ಕೇಳಿ ತೀರ್ಪು ಕೊಡುವುದು ನ್ಯಾಯವಲ್ಲ. ಸ್ವಕೀಯ ಪರಾಗದಿಂದಲೇ ಬಾಳುವ ಸಸ್ಯಗಳೂ ಇವೆ, ಅವು ಹೀನವಾದವಲ್ಲ. ಕನ್ನಡಿಗರ ತಟ್ಟೆಯಲ್ಲಿರುವ ಬತ್ತವೂ ರಾಗಿಯೂ ಆ ಗುಂಪಿಗೆ ಸೇರಿದವು. ಬತ್ತದ ಹೂವು ಹೊತ್ತೇರುವಾಗ ಸ್ವಲ್ಪ ಹೊತ್ತು ಮಾತ್ರ ಬಾಯಿತೆರೆಯುವುದು. ಅಷ್ಟರೊಳಗೆ ಅದರ ಪರಾಗವು ಬಹುತೇಕ ಅದಕ್ಕೇ ಬಿದ್ದಿರುವುದು. ಕಡಲೆಕಾಯಿಯ ಹಳದಿಯ ಹೂವು ಕೇಸರಗಳನ್ನೂ ಶಲಾಕೆಯನ್ನೂ ಒಂದೇ ದೋಣಿಯಂತಹ ದಳದೊಳಗೆ ಮುಚ್ಚಿಟ್ಟು ಫಲಿಸಿ, ಆಮೇಲೆ ಕಾಯನ್ನು ಮಣ್ಣಿನೊಳಕ್ಕೆ ಇಳಿಸುವುದು. ಹೀಗಿರುವುದರಿಂದಲೇ ರೈತನು ಕಣದಲ್ಲಿ ಎತ್ತಿಟ್ಟ ಬೀಜವು ಮರುವರ್ಷವೂ ಅದೇ ಗುಣದ ಬೆಳೆಯನ್ನು ಕೊಡುವುದು. ಬಟಾಣಿಯ ಹೂವೂ ಇಂತಹುದೇ. ಅದರ ಮುಚ್ಚಿದ ಕಟ್ಟಡವನ್ನು ನೆಚ್ಚಿಯೇ ಗ್ರೆಗರ್ ಮೆಂಡೆಲನು ಬ್ರನೋ ನಗರದ ಮಠದ ತೋಟದಲ್ಲಿ ತನ್ನ ಪ್ರಯೋಗಗಳನ್ನು ನಡೆಸಿ, ೧೮೬೬ರಲ್ಲಿ ಆನುವಂಶಿಕತೆಯ ನಿಯಮಗಳನ್ನು ಪ್ರಕಟಿಸಿದನು. ಡಾರ್ವಿನನ ಕುಂಡಗಳಲ್ಲಿಯೂ ಆರನೆಯ ತಲೆಮಾರಿನ ಸ್ವಕೀಯದ ಬಳ್ಳಿಯೊಂದು ತನ್ನ ಪ್ರತಿಸ್ಪರ್ಧಿಯನ್ನು ಅರ್ಧ ಅಂಗುಲದಿಂದ ಗೆದ್ದಿತು. ಅವನು ಅದಕ್ಕೆ ವೀರನೆಂದು ಹೆಸರಿಟ್ಟು, ತನ್ನ ಸಿದ್ಧಾಂತಕ್ಕೆ ವಿರುದ್ಧವಾದ ಆ ಸಂಗತಿಯನ್ನು ಮರೆಮಾಡದೆ ಬರೆದನು.

ಆದುದರಿಂದ ಎರಡು ಮಾರ್ಗಗಳೂ ಸೃಷ್ಟಿಯಲ್ಲಿ ಉಂಟು, ಎರಡಕ್ಕೂ ಬೆಲೆಯುಂಟು. ಪರರನ್ನು ಕಾಯುವ ಹೂವು ಯಾರೂ ಬಾರದೆ ಬಂಜೆಯಾಗಿ ಉದುರಬಹುದು. ತನ್ನಲ್ಲಿಯೇ ಮುಗಿಯುವ ಹೂವಿಗೆ ಆ ಭಯವಿಲ್ಲ; ಒಂಟಿಯಾಗಿ ದ್ವೀಪವೊಂದಕ್ಕೆ ತೇಲಿಬಂದ ಬೀಜವೂ ಅಲ್ಲಿ ವಂಶವನ್ನು ಹೂಡಬಲ್ಲುದು. ಆದರೆ ಅದರ ವಂಶದಲ್ಲಿ ವೈವಿಧ್ಯವು ತಲೆಮಾರಿನಿಂದ ತಲೆಮಾರಿಗೆ ತೆಳುವಾಗುವುದು. ಹೊಸ ರೋಗವೋ ಹೊಸ ಹವೆಯೋ ಬಂದಾಗ ಎದುರಿಸತಕ್ಕ ಬಂಡವಾಳವು ಅದರಲ್ಲಿ ಕಡಿಮೆ. ಸಸ್ಯಜಾತಿಗಳಲ್ಲಿ ಮುಖ್ಯವಾಗಿ ಸ್ವಕೀಯ ಪರಾಗವನ್ನೇ ಅವಲಂಬಿಸಿದವು ನೂರಕ್ಕೆ ಹತ್ತು ಹದಿನೈದನ್ನು ಮೀರವು. ದಾಸವಾಳದ ಕುಲಕ್ಕೇ ಸೇರಿದ ಒಂದು ಕಳೆಗಿಡವು ಈ ಎರಡನ್ನೂ ತೂಗಿನೋಡಿದಂತೆ ನಡೆಯುವುದು. ಅದರ ಶಲಾಕೆಯ ಕವಲುಗಳು ಮೊದಲು ಮೇಲಕ್ಕೆ ಚಾಚಿ ಅನ್ಯಪರಾಗವನ್ನು ಕಾಯುವುವು. ಯಾರೂ ಬಾರದಿದ್ದರೆ ಹೂವು ಬಾಡುವುದಕ್ಕೆ ಮೊದಲು ಕೆಳಕ್ಕೆ ಬಾಗಿ ತಮ್ಮದೇ ಪರಾಗವನ್ನು ಮುಟ್ಟುವುವು. ಅತಿಥಿಯನ್ನು ಕಾದು ಹೊತ್ತುಮೀರಿದ ಬಳಿಕ ಮನೆಯವರು ಉಣ್ಣುವಂತೆ ಅದರ ನಡೆಯಿದೆ.

ಸ್ವಾವಲಂಬನವನ್ನು ಪಡೆದೆವೆಂದು ಹೇಳಿಕೊಳ್ಳುವವರು ನಿಜವಾಗಿ ಎಷ್ಟು ಮಂದಿಯ ಹಂಗಿನಲ್ಲಿರುವರೆಂಬುದಕ್ಕೆ ವೆನಿಲಾ ಬಳ್ಳಿಯ ಚರಿತ್ರೆಯು ನಿದರ್ಶನವಾಗಿದೆ. ಅದು ಮೆಕ್ಸಿಕೋ ಸೀಮೆಯ, ಸೀತಾಳೆಯ ಕುಲಕ್ಕೆ ಸೇರಿದ ಬಳ್ಳಿ. ಅದರ ಹೂವು ಬೆಳಿಗ್ಗೆ ಅರಳಿ ಅಂದೇ ಬಾಡುವುದು. ಹೂವಿನೊಳಗೆ ಪರಾಗದ ಗಂಟಿಗೂ ಶಲಾಕಾಗ್ರಕ್ಕೂ ನಡುವೆ ಕಿರುನಾಲಗೆಯಂತಹ ತೆಳುವಾದ ಒಂದು ಪರದೆಯು ಇಳಿಬಿದ್ದಿರುವುದು. ಸ್ವಕೀಯವನ್ನು ತಡೆಯುವ ಗೋಡೆಯೆಂದರೆ ಅದೇ. ತನ್ನ ನಾಡಿನಲ್ಲಿ ಅದಕ್ಕೆ ದುಂಬಿಯಿದೆ. ಅಲ್ಲಿಯೂ ತಾನಾಗಿ ಕಾಯಿಕಟ್ಟುವ ಹೂಗಳು ಅತ್ಯಲ್ಪ. ಹಿಂದೂ ಮಹಾಸಾಗರದಲ್ಲಿ ಫ್ರೆಂಚರ ಅಧೀನವಾಗಿದ್ದ, ಈಗ ರಿಯೂನಿಯನ್ ಎಂದು ಕರೆಯಲ್ಪಡುವ ದ್ವೀಪಕ್ಕೆ ೧೮೨೦ರ ಆಸುಪಾಸಿನಲ್ಲಿ ಈ ಬಳ್ಳಿಯನ್ನು ತಂದು ನೆಟ್ಟರು. ಬಳ್ಳಿಯು ಹಬ್ಬಿತು, ಹೂಬಿಟ್ಟಿತು. ಸುಮಾರು ಇಪ್ಪತ್ತು ವರ್ಷ ಕಾಯಿಯನ್ನು ಮಾತ್ರ ಕೊಡಲಿಲ್ಲ. ಯುರೋಪಿನ ಸಸ್ಯಶಾಸ್ತ್ರಜ್ಞರು ಕೃತಕವಾಗಿ ಕಾಯಿಕಟ್ಟಿಸುವ ಉಪಾಯವನ್ನು ೧೮೩೬ರಲ್ಲಿ ಕಂಡಿದ್ದರೂ ತೋಟಗಾರನು ದಿನವೂ ನಡೆಸಬಲ್ಲ ಸುಲಭವಾದ ಕ್ರಮವು ದೊರೆತಿರಲಿಲ್ಲ.

ಸ್ಪ್ರೆಂಗೆಲನ ಗ್ರಂಥವು ಡಾರ್ವಿನನ ಕೈಸೇರಿದ ೧೮೪೧ರಲ್ಲಿಯೇ ಆ ದ್ವೀಪದಲ್ಲಿ ಎಡ್ಮಂಡನೆಂಬ ಹನ್ನೆರಡು ವರ್ಷದ ಗುಲಾಮ ಬಾಲಕನು ಈ ಗಂಟನ್ನು ಬಿಡಿಸಿದನು. ತಾಯಿಯು ಹೆರಿಗೆಯಲ್ಲಿಯೇ ತೀರಿಕೊಂಡಿದ್ದ ಆ ಹುಡುಗನು ಬೆಲ್ಲಿಯೇ-ಬೋಮೋನ್ ಎಂಬ ತೋಟದೊಡೆಯನ ಬಳಿಯಲ್ಲಿದ್ದು ಹೂಗಳ ಅಂಗರಚನೆಯನ್ನು ಕಲಿತಿದ್ದನು. ಅವನು ತೆಳುವಾದ ಒಂದು ಕಡ್ಡಿಯಿಂದ ಆ ಪರದೆಯನ್ನು ಮೇಲಕ್ಕೆತ್ತಿ, ಹೆಬ್ಬೆರಳಿನಿಂದ ಪರಾಗದ ಗಂಟನ್ನು ಶಲಾಕಾಗ್ರಕ್ಕೆ ಒತ್ತಿದನು. ಕೆಲವು ಕ್ಷಣಗಳ ಕೆಲಸ! ವೆನಿಲಾ ತೋಟಗಳು ಆ ದ್ವೀಪದಿಂದ ನೆರೆಯ ಮಡಗಾಸ್ಕರಿಗೂ ಮತ್ತಿತರ ದೇಶಗಳಿಗೂ ಹಬ್ಬಿದುವು. ಮಲೆನಾಡಿನ ಅಡಕೆಯ ತೋಟಗಳಲ್ಲಿ ವೆನಿಲಾ ಬೆಳೆದವರೂ ಬೆಳಿಗ್ಗೆ ಎದ್ದು ಬಳ್ಳಿಯಿಂದ ಬಳ್ಳಿಗೆ ನಡೆದು, ಒಂದೊಂದು ಹೂವಿಗೂ ಅದೇ ಸೇವೆಯನ್ನು ಸಲ್ಲಿಸಿದವರೇ. ಎಡ್ಮಂಡನಿಗೆ ದೊರೆತುದೇನು? ೧೮೪೮ರಲ್ಲಿ ಗುಲಾಮಗಿರಿಯು ರದ್ದಾದಾಗ ಎಲ್ಲರಂತೆ ಅವನಿಗೂ ಬಿಡುಗಡೆಯಾಯಿತು. ಆಲ್ಬಿಯಸ್ ಎಂಬ ಮನೆತನದ ಹೆಸರೊಂದು ಬಂದಿತು. ಉಪಾಯವನ್ನು ತಾನೇ ಕಲಿಸಿದ್ದೆನೆಂದು ಒಬ್ಬ ಸಸ್ಯಶಾಸ್ತ್ರಜ್ಞನು ಹೇಳಿಕೊಂಡಾಗ ಹಳೆಯ ಒಡೆಯನೇ ಎಡ್ಮಂಡನ ಪರವಾಗಿ ಪತ್ರ ಬರೆದನು. ಆದರೂ ತೋಟಗಳ ಸಂಪತ್ತಿನಲ್ಲಿ ಅವನಿಗೆ ಪಾಲು ಬರಲಿಲ್ಲ. ೧೮೮೦ರಲ್ಲಿ ಅವನು ಬಡವನಾಗಿಯೇ ಸತ್ತನು.

ಇಲ್ಲಿ ಎರಡು ಸಂಗತಿಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಎಡ್ಮಂಡನು ಎತ್ತಿದ ಪರದೆಯು ಪರಾಪೇಕ್ಷೆಯ ಪರದೆ. ಅದನ್ನು ಎತ್ತಿದೊಡನೆ ಹೂವು ತನ್ನ ಪರಾಗದಿಂದಲೇ ಫಲಿಸಿತು. ದುಂಬಿಯ ಹಂಗು ತಪ್ಪಿತು. ತೋರಿಕೆಗೆ ಬಳ್ಳಿಯು ಸ್ವಾವಲಂಬಿಯಾಯಿತು. ಆದರೆ ಅಂದಿನಿಂದ ಆ ತೋಟಗಳ ಬಳ್ಳಿಯು ಮನುಷ್ಯನ ಬೆರಳಿಲ್ಲದೆ ಕಾಯನ್ನು ಕಾಣದಂತಾಯಿತು. ಬೀಜದಿಂದಲ್ಲದೆ ತುಂಡುಗಳಿಂದಲೇ ಅದನ್ನು ಬೆಳೆಸುತ್ತಿರುವುದರಿಂದ ದೂರದೂರದ ತೋಟಗಳ ಬಳ್ಳಿಗಳೂ ಬಹುಮಟ್ಟಿಗೆ ಒಂದೇ ಬಳ್ಳಿಯ ತುಣುಕುಗಳಂತಿವೆ. ಬೇರುಕೊಳೆಯುವ ರೋಗವು ಒಂದಕ್ಕೆ ತಗಲಿದರೆ ಮಿಕ್ಕವುಗಳಲ್ಲಿಯೂ ಎದುರಿಸುವ ಶಕ್ತಿಯಿಲ್ಲ. ದುಂಬಿಯೊಂದರ ಋಣವು ಹೋಗಿ ಮನುಷ್ಯನ ದೊಡ್ಡ ಋಣವು ಬಂದಿತು. ಅಪೇಕ್ಷೆಯು ಅಳಿಯಲಿಲ್ಲ; ಒಬ್ಬರ ಮೇಲಿದ್ದುದು ಮತ್ತೊಬ್ಬರ ಮೇಲಕ್ಕೆ ಸರಿಯಿತು, ಅಷ್ಟೆ. ಯಾರ ಹಂಗೂ ಇಲ್ಲವೆನ್ನುವ ಮನುಷ್ಯನ ವಿಷಯದಲ್ಲಿಯೂ ಹುಡುಕಿ ನೋಡಿದರೆ ಪರದೆಯನ್ನು ಎತ್ತಿದ ಬೆರಳೊಂದು ಎಲ್ಲಿಯೋ ಇರುವುದು. ಅವನು ಅದರ ಹೆಸರನ್ನು ಮರೆತಿರುವನು.

ಪ್ರಕೃತಿಯು ಧರ್ಮಶಾಸ್ತ್ರವಲ್ಲ, ಹೂವು ಮಾಡಿದುದನ್ನು ಮನುಷ್ಯನು ಮಾಡಬೇಕೆಂಬ ವಿಧಿಯೇನಿದೆ ಎಂದು ಇಲ್ಲಿ ಕೇಳಬಹುದು. ಆ ಆಕ್ಷೇಪಣೆಯು ಸರಿಯಾದುದೇ. ಹೂವು ಆಜ್ಞೆಯನ್ನು ಮಾಡುವುದಿಲ್ಲ. ಆದರೆ ಒಂದು ಸುಳ್ಳನ್ನು ಅದು ಅಲ್ಲಗಳೆಯಬಲ್ಲುದು. ನಿರಪೇಕ್ಷೆಯೇ ಸೃಷ್ಟಿಯ ನಿಯಮ, ಪರರ ಅಗತ್ಯವು ಬಲಹೀನತೆಯ ಗುರುತು ಎಂಬ ವಾದಕ್ಕೆ ಸೃಷ್ಟಿಯಲ್ಲಿ ಆಧಾರವಿಲ್ಲವೆಂದು ಅದು ತನ್ನ ಅಂಗಾಂಗಗಳಿಂದ ತೋರಿಸುತ್ತಿದೆ. ಅದಕ್ಕಿಂತ ಮುಂದಿನ ಹೆಜ್ಜೆಯನ್ನು ಮನುಷ್ಯನೇ ಇಡಬೇಕು. ಏಕೆಂದರೆ ಹೂವಿಗಿಲ್ಲದ ಒಂದು ಶಕ್ತಿಯು ಅವನಿಗುಂಟು. ಎಕ್ಕದ ಹೂವು ತನಗೆ ಪರಾಗವನ್ನು ತಂದ ದುಂಬಿ ಯಾವುದೆಂದು ಅರಿಯದು. ಅರಿಯದುದರಿಂದ ಅದು ಕೃತಘ್ನವೂ ಅಲ್ಲ. ತೋಟದ ಒಡೆಯರೋ ಎಡ್ಮಂಡನ ಹೆಸರನ್ನು ಬಲ್ಲರು, ಅವನ ಬಡತನವನ್ನೂ ಬಲ್ಲರು. ಬಲ್ಲವರಿಗೆ ಋಣವು ಕರ್ತವ್ಯವಾಗಿ ಪರಿಣಮಿಸುವುದು.

ಹೀಗಾಗಿ ಪರಾಪೇಕ್ಷೆಯಿಲ್ಲದಿರುವುದು ಮನುಷ್ಯನ ಹಿರಿಮೆಯಲ್ಲ. ಅದು ಅವನಿಗೆ ಸಾಧ್ಯವೂ ಅಲ್ಲ. ದುಡಿಯಬಲ್ಲವನು ದುಡಿಯಲಿ, ಹೂವೂ ಮಕರಂದವನ್ನು ಸಿದ್ಧಪಡಿಸದೆ ಯಾರನ್ನೂ ಕರೆಯದು. ಆದರೆ ತನ್ನಲ್ಲಿಲ್ಲದುದು ತನಗಿಂತ ಬೇರೆಯಾದವರಿಂದಲೇ ಬರತಕ್ಕದ್ದೆಂದು ತಿಳಿದು ಬಾಗಿಲನ್ನು ತೆರೆದಿಡುವುದೂ, ಬಂದವರನ್ನು ಬರಿಗೈಯಲ್ಲಿ ಕಳುಹದಿರುವುದೂ ಅವನಿಗೆ ಉಚಿತವಾದ ನಡೆ. ಅಂಗಳದ ದಾಸವಾಳವು ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವುದು. ಇರುವ ಅಷ್ಟು ಹೊತ್ತೂ ಅದರ ಮುಖವು ಹೊರಕ್ಕೆ ತಿರುಗಿರುವುದು.